ಮಿಲ್ವಾಕಿಯಲ್ಲೂ ಒಂದು ತವರು

ಸುಮಾರು ಒಂದು ಲಕ್ಷ ಜನರಿರುವ ಗ್ರೀನ್ ಬೇ ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಇಂದಿಗೂ ನ್ಯೂಯಾರ್ಕ್, ಷಿಕಾಗೊಗಳಿಗೆ ಸರಿಸಾಟಿಯಾಗಿ ನಿಂತಿದೆಯೆಂದರೆ, ಅದರಲ್ಲಿ ಮಿಲ್ವಾಕಿಯ ಋಣವೂ ದೊಡ್ಡದು. ಆರ್ಥಿಕ ಮಹಾಕುಸಿತದ ಕಾಲವದು. ಸಣ್ಣ ಊರುಗಳ ತಂಡಗಳು ಒಂದೊಂದಾಗಿ ಮುಚ್ಚಿಹೋಗಿದ್ದವು. 1933ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತನ್ನ ತವರಿನ ಪಂದ್ಯವೊಂದನ್ನು 190 ಕಿಲೋಮೀಟರ್‌ನಷ್ಟು ದಕ್ಷಿಣಕ್ಕಿರುವ ಈ ದೊಡ್ಡ ನಗರಕ್ಕೆ ಒಯ್ದಿತು. ಹೆಚ್ಚು ಟಿಕೆಟ್ ಮಾರಬೇಕಿತ್ತು, ಅಷ್ಟೇ. ಆದರೆ ವರ್ಷಕ್ಕೆ ಕೆಲವು ಪಂದ್ಯಗಳಂತೆ ಆ ಏರ್ಪಾಡು 1994ರವರೆಗೂ ಮುಂದುವರಿಯಿತು. 1939ರ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸನ್ನು 27-0ರಿಂದ ಬಗ್ಗುಬಡಿದದ್ದೂ ಮಿಲ್ವಾಕಿಯ ಮೈದಾನದಲ್ಲೇ. ಇಷ್ಟು ದೀರ್ಘಕಾಲದ ನಂಟನ್ನು ಬರೀ ವ್ಯಾಪಾರವೆಂದು ತಳ್ಳಿಹಾಕುವುದು ಅನ್ಯಾಯ. ಮಿಲ್ವಾಕಿಯಲ್ಲಿ ಬೇಸ್‌ಬಾಲ್‌ಗಾಗಿ ಕಟ್ಟಿದ ಕೌಂಟಿ ಸ್ಟೇಡಿಯಂನಲ್ಲಿ ಜಾಗ ಸಾಲದೆ ಎರಡೂ ತಂಡಗಳು ಒಂದೇ ಬದಿಯಲ್ಲಿ ನಿಲ್ಲಬೇಕಿತ್ತು. ಅಲ್ಲಿಗೂ ಜನ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ತಪ್ಪದೆ ಬಂದರು, ತಲೆಮಾರುಗಟ್ಟಲೆ ಬಂದರು. 1994ರ ಡಿಸೆಂಬರ್ 18ರಂದು ಅಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಎದುರಾಳಿ ಅಟ್ಲಾಂಟಾ ಫಾಲ್ಕನ್ಸ್. ಇನ್ನು 14 ಸೆಕೆಂಡುಗಳಿವೆ ಎನ್ನುವಾಗ ಪ್ಯಾಕರ್ಸ್‌ನ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಚೆಂಡನ್ನು ಹಿಡಿದು ತಾನೇ ಓಡಿ, ಗೆರೆಯಾಚೆ ಹಾರಿಬಿದ್ದ; ಪ್ಯಾಕರ್ಸ್ 21-17ರಿಂದ ಗೆದ್ದಿತು. ಗ್ರೀನ್ ಬೇಯ ಲ್ಯಾಂಬೋ ಫೀಲ್ಡ್ ಆ ಹೊತ್ತಿಗೆ ಹೆಚ್ಚು ಆಸನ, ಹೆಚ್ಚು ಆದಾಯದ ಕ್ರೀಡಾಂಗಣವಾಗಿ ಬೆಳೆದಿತ್ತು, ಹಾಗಾಗಿ ಎಲ್ಲ ಪಂದ್ಯಗಳೂ ಅಲ್ಲಿಗೇ ಮರಳಿದವು. ಆಗ ಕ್ಲಬ್ ಒಂದು ದೊಡ್ಡ ಮನಸ್ಸಿನ ಕೆಲಸ ಮಾಡಿತು: ಮಿಲ್ವಾಕಿಯ ಸೀಸನ್ ಟಿಕೆಟ್‌ದಾರರ ಹಕ್ಕನ್ನು ಕಿತ್ತುಕೊಳ್ಳಲಿಲ್ಲ. ಪ್ರತಿ ಋತುವಿನಲ್ಲೂ ಲ್ಯಾಂಬೋ ಫೀಲ್ಡಿನ ಕೆಲವು ಪಂದ್ಯಗಳನ್ನು ‘ಗೋಲ್ಡ್ ಪ್ಯಾಕೇಜ್’ ಹೆಸರಿನಲ್ಲಿ ಅವರಿಗಾಗಿ ಮೀಸಲಿಟ್ಟಿತು.