‘ಫಾರ್ಮ್ಯಾಟ್ ಮಾಡಿ’ ಅನ್ನುವ ಮುಂಚೆ ಹಾಡು ಎಣಿಸಿ

ಪ್ಲೇಯರ್‌ನಲ್ಲಿ ಎಲ್ಲ ಹಾಡೂ ಕಾಣಿಸುತ್ತಿಲ್ಲ ಅಂತ ಅಂಗಡಿಗೆ ಹೋದರೆ ಸಿಗುವ ಉತ್ತರ ಒಂದೇ: ‘ಕಾರ್ಡ್ ಫಾರ್ಮ್ಯಾಟ್ ಮಾಡಿ, ಹೊಸದಾಗಿ ತುಂಬಿಕೊಡ್ತೀವಿ.’ ಸಿನಿಮಾ ಹಾಡಾದರೆ ನಷ್ಟವೇನಿಲ್ಲ. ಆದರೆ ನಮ್ಮ ಹದಿನಾರಿನ ಸುತ್ತಮುತ್ತ ಎಷ್ಟೋ ಮನೆಗಳ ಮೆಮೊರಿ ಕಾರ್ಡಿನಲ್ಲಿ ಕಂಸಾಳೆಯವರ ಮಾದಪ್ಪನ ಪದ, ನೀಲಗಾರರು ತಂಬೂರಿ ಹಿಡಿದು ಹಾಡಿದ ಮಂಟೇಸ್ವಾಮಿ ಕಥೆ ಇರುತ್ತವೆ. ಯಾರೋ ಕೀಪ್ಯಾಡ್ ಫೋನಿನಲ್ಲಿ ಹಿಡಿದಿಟ್ಟವು. ಅಳಿಸಿದರೆ ಯೂಟ್ಯೂಬ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಈ ‘ಫಾರ್ಮ್ಯಾಟ್’ ಸಲಹೆ ನನ್ನ ಮಟ್ಟಿಗೆ ಶುದ್ಧ ಸೋಮಾರಿತನ.

ಪ್ಲೇಯರ್ ತೋರಿಸದಿದ್ದ ಮಾತ್ರಕ್ಕೆ ಹಾಡು ಹೋಯಿತು ಅಂತಲ್ಲ. ಮೊದಲು ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಫೈಲುಗಳನ್ನು ಎಣಿಸಿ. ನಮ್ಮಜ್ಜಿಯ ಕಾರ್ಡಿನಲ್ಲಿ 140 ಇದ್ದವು, ಪ್ಲೇಯರ್ ತೋರಿಸುತ್ತಿದ್ದದ್ದು 117. ಉಳಿದ 23ರ ಹೆಸರಿನ ಕೊನೆಯಲ್ಲೆಲ್ಲ ‘ಎಎಂಆರ್’ ಅಂತಿತ್ತು. ಅದು ಫೋನಿನ ಮಾತಿಗೆಂದೇ ಮಾಡಿದ ವಿಧಾನ. ಹಳೆಯ ಫೋನುಗಳು ದನಿಯನ್ನು ಹಾಗೇ ಉಳಿಸುತ್ತಿದ್ದವು. ಅಗ್ಗದ ಪ್ಲೇಯರ್‌ಗಳಿಗೆ ಎಂಪಿ3 ಬಿಟ್ಟರೆ ಇನ್ನೊಂದೆರಡು ಮಾತ್ರ ಗೊತ್ತು, ಗೊತ್ತಿಲ್ಲದ್ದನ್ನು ಪಟ್ಟಿಗೇ ಸೇರಿಸುವುದಿಲ್ಲ. ಆ 23ರಲ್ಲಿ ಇದ್ದದ್ದು ನಮ್ಮ ತಾತ ಮತ್ತು ಅವರ ಜೊತೆಯವರು ಹಾಡಿದ ಪದಗಳು. ತಾತ ಈಗಿಲ್ಲ. ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ಎಂಪಿ3 ಮಾಡಲು ಒಂದು ಸಂಜೆ ಸಾಕಾಯಿತು. ಮೂಲ ಫೈಲುಗಳನ್ನು ಬೇರೆ ಕಡೆ ಹಾಗೇ ಇಟ್ಟಿದ್ದೇನೆ, ನೀವೂ ಇಡಿ.

ಎಣಿಸಿದಾಗ ಕಂಪ್ಯೂಟರಿನಲ್ಲೂ ಕಮ್ಮಿ ಬಂದರೆ ಕಥೆ ಬೇರೆ. 1 ಅಥವಾ 2 ಜಿಬಿಯ ಹಳೇ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್16 ವಿಧಾನದವು. ಫೋಲ್ಡರ್ ಮಾಡದೆ ನೇರ ಸುರಿದರೆ ಹೆಸರು ಬರೆಯಲು ಅಲ್ಲಿರುವುದು ಬಹುಮಟ್ಟಿಗೆ 512 ಸಾಲು. ಉದ್ದನೆ ಹೆಸರಾದರೆ ಪ್ರತಿ 13 ಅಕ್ಷರಕ್ಕೆ ಒಂದು ಸಾಲು, ಮೇಲೆ ಇನ್ನೊಂದು. 30 ಅಕ್ಷರದ ಹೆಸರಿಗೆ ನಾಲ್ಕು ಸಾಲು. ಹೆಚ್ಚೆಂದರೆ 128 ಹಾಡಿಗೆ ಪಟ್ಟಿ ಭರ್ತಿ! ಕಾರ್ಡಿನಲ್ಲಿ ಜಾಗ ಖಾಲಿ ಇದ್ದರೂ ಮುಂದಕ್ಕೆ ಕಾಪಿ ಆಗುವುದಿಲ್ಲ. ಫೋಲ್ಡರ್ ಮಾಡಿ ಹಾಕಿದರೆ ಮುಗಿಯಿತು. ಆದರೆ ಕೆಲವು ಪ್ಲೇಯರ್‌ಗಳು ಫೋಲ್ಡರಿನೊಳಗಿನ ಫೋಲ್ಡರನ್ನು ನೋಡುವುದಿಲ್ಲ, ಅದೂ ನೆನಪಿರಲಿ.

ಇನ್ನೊಂದು ಮಾತು. ಪ್ಲೇಯರ್ ಗಾಯಕರ ಹೆಸರಿನ ಮೇಲೆ ಪಟ್ಟಿ ಮಾಡಿದಾಗ ನಮ್ಮ ಊರಿನ ಹಾಡುಗಾರರೆಲ್ಲ ‘ಅನ್‌ನೋನ್’ ಎಂಬ ಒಂದೇ ಮೂಲೆಗೆ ಬೀಳುತ್ತಾರೆ. ಕೆಲಸ ಹುಡುಕುತ್ತಾ ಮನೆಯಲ್ಲಿರುವ ನಮ್ಮಂಥವರಿಗೆ ಲ್ಯಾಪ್‌ಟಾಪೂ ಇದೆ, ಮಧ್ಯಾಹ್ನವೂ ಇದೆ. ಫೈಲಿನ ಮೇಲೆ ಹಾಡಿದವರ ಹೆಸರು, ಊರು ಬರೆಯಲು ಒಂದು ನಿಮಿಷ. ನಾವು ಬರೆಯದಿದ್ದರೆ ಇನ್ನು ಹತ್ತು ವರ್ಷಕ್ಕೆ ಆ ದನಿ ಗುರುತಿಸುವವರೇ ಇರುವುದಿಲ್ಲ.

ನಮ್ಮ 23ರಲ್ಲಿ ಇನ್ನೂ ಎರಡು ದನಿ ಯಾರದೆಂದು ಗೊತ್ತಾಗಿಲ್ಲ. ಬೀದಿಯಲ್ಲಿ ಹೋಗುವ ವಯಸ್ಸಾದವರನ್ನೆಲ್ಲ ಅಜ್ಜಿ ಜಗಲಿಗೆ ಕರೆದು ಕೂರಿಸಿ ಕೇಳಿಸುತ್ತಿದ್ದಾಳೆ.