ಮಕ್ಕಳ ಕೈಗೆ ಮಣ್ಣು ಬರಲಿ

ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಭಾಗದ ಪಾಲಕರೇ, ನಮ್ಮ ಶಾಲೆಗಳು ಬಾಗಿಲು ತೆರೆಯುವುದು ಜೂನ್ ಮಧ್ಯದಲ್ಲಿ. ಅದರ ಆಸುಪಾಸಿನಲ್ಲೇ ಮಣ್ಣೆತ್ತಿನ ಅಮಾವಾಸ್ಯೆ. ನಿಮ್ಮಲ್ಲಿ ಬಹಳ ಮಂದಿ ಹಳ್ಳದ ದಂಡೆಯ ಎರೆಮಣ್ಣು ತಂದು ಎತ್ತು ಮಾಡಿದವರೇ. ತಿಗರಿ ಇರಲಿಲ್ಲ, ಅಚ್ಚು ಇರಲಿಲ್ಲ. ದಿನಾ ಕಂಡ ಎತ್ತಿನ ಇಣಿ, ಕೋಡು, ಗಂಗೆದೊಗಲು ಬೆರಳಿಗೆ ತಾನಾಗಿ ಬರುತ್ತಿದ್ದವು. ಈಗ ಬಣ್ಣ ಬಳಿದ ಜೋಡೆತ್ತು ಸಂತೆಯಲ್ಲೇ ಸಿಗುತ್ತದೆ. ಕೊಳ್ಳುವುದು ತಪ್ಪಲ್ಲ, ಕುಂಬಾರರ ಮನೆಯೂ ನಡೆಯಬೇಕು. ಆದರೆ ನಾದು, ಮಿದಿ, ಹದ, ಆವಿಗೆ ಎಂಬ ಮಾತುಗಳು ಕೊಂಡು ತಂದ ಎತ್ತಿನ ಜೊತೆ ಮನೆಗೆ ಬರುವುದಿಲ್ಲ. ಸುತ್ತ ಮರಾಠಿ ಇರುವ ಊರಲ್ಲಿ ನಮ್ಮ ಮಕ್ಕಳಿಗೆ ಅವು ಬೇರೆಲ್ಲಿ ಸಿಗಬೇಕು?

ಅದಕ್ಕೇ ನಮ್ಮ ಸಲಹೆ: ವಾರಕ್ಕೊಂದು ಮಧ್ಯಾಹ್ನ ಕನ್ನಡ ಶಾಲೆಯಲ್ಲಿ ಮಣ್ಣಿನ ಕೆಲಸ ನಡೆಯಲಿ. ಬರಿಯ ಎರೆಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಜರಡಿ ಹಿಡಿದ ಮರಳು ಬೆರೆಸಿ ನಾದಬೇಕು. ಉಂಡೆಗೆ ಹೆಬ್ಬೆರಳು ಒತ್ತಿ ತಿರುಗಿಸುತ್ತ ಹೋದರೆ ಕುಡಿಕೆ. ಹುರಿಯಂತೆ ಹೊಸೆದು ಸುತ್ತಿ ಸುತ್ತಿ ಏರಿಸಿದರೆ ಗಡಿಗೆ. ಸುತ್ತುಗಳ ನಡುವೆ ಮಣ್ಣಿನ ಗಂಜಿ ಹಚ್ಚದಿದ್ದರೆ ಬಿಟ್ಟುಕೊಳ್ಳುತ್ತದೆ. ತಟ್ಟಿದ ಮಣ್ಣಿನ ಮೇಲೆ ಅರಳಿ ಎಲೆಯ ಹಿಂಬದಿ ಒತ್ತಿ ತೆಗೆಯಲಿ, ನರ ನರವೂ ಮೂಡುತ್ತದೆ. ಗೋಡೆಯ ಮೂಲೆಯಲ್ಲಿ ಕುಂಬಾರ ಹುಳ ಕಟ್ಟಿದ ಗೂಡನ್ನೂ ತೋರಿಸಿ. ಅದೂ ತಿಗರಿಯಿಲ್ಲದೆ, ಹಸಿ ಮಣ್ಣಿನ ಸಣ್ಣ ಸಣ್ಣ ಉಂಡೆ ತಂದು ಅಂಟಿಸಿಯೇ ಪುಟ್ಟ ಗಡಿಗೆ ಕಟ್ಟುತ್ತದೆ!

ಒಣಗಿಸುವುದು ನೆರಳಲ್ಲಿ. ಒಳಗೆ ಹಸಿ ಉಳಿದರೆ ಬೆಂಕಿಯಲ್ಲಿ ನೀರು ಆವಿಯಾಗಿ ಪಾತ್ರೆ ಒಡೆಯುತ್ತದೆ. ಸುಡುವ ಕೆಲಸವನ್ನು ಮಾತ್ರ ಊರ ಕುಂಬಾರರಿಗೇ ಬಿಡಿ, ಅವರನ್ನು ಮೇಷ್ಟರ ಕುರ್ಚಿಯಲ್ಲಿ ಕೂರಿಸಿ ಕೇಳಿ.

“ಹತ್ತನೆಯ ಪರೀಕ್ಷೆಗೆ ಮಣ್ಣು ಬರುತ್ತದೆಯೇ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಣ್ಣು ಬರುವುದಿಲ್ಲ, ಬಾಷ್ಪೀಕರಣ ಬರುತ್ತದೆ. ಸುಟ್ಟ ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆರುವುದನ್ನೂ ಒಳಗಿನ ನೀರು ತಂಪಾಗುವುದನ್ನೂ ಕೈಯಾರೆ ಕಂಡ ಹುಡುಗಿಗೆ ಉತ್ತರ ಬರೆಯಲು ಗೈಡು ಬೇಡ, ತನ್ನದೇ ಕನ್ನಡ ಸಾಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ನಡುವೆ 10 ದಿನ ಚೀಲವಿಲ್ಲದೆ ಬಡಿಗರು, ಕುಂಬಾರರಂಥ ಸ್ಥಳೀಯ ಕುಶಲಿಗಳ ಬಳಿ ಕಲಿಯುವ ಮಾತಾಡಿದೆ. (ಎಲ್ಲ ರಾಜ್ಯಗಳೂ ಆ ನೀತಿಯನ್ನು ಒಪ್ಪಿಲ್ಲ, ಅದು ಬೇರೆ ಮಾತು.)

ಕೇಳುವ ಹಕ್ಕು ನಿಮಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರಕಾರಿ, ಅನುದಾನಿತ ಶಾಲೆಗಳ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಮಣ್ಣನ್ನು ಮಾತ್ರ ಬೇಸಗೆಯಲ್ಲೇ, ಹಳ್ಳ ಒಣಗಿರುವಾಗ ತಂದು ಚೀಲ ಕಟ್ಟಿಡಿ. ಮಳೆ ಹಿಡಿದ ಮೇಲೆ ಸಿಗುವುದು ಕೆಸರು.