ಬಾಡಿಗೆ ಮನೆ ಮತ್ತು ‘ಇಷ್ಟ’ದ ಪ್ರಶ್ನೆ

ಬೆಂಗಳೂರಿನಲ್ಲಿ ಮುಸ್ಲಿಮರು ಏಕೆ ತಮ್ಮ ಮೊಹಲ್ಲಾಗಳಲ್ಲೇ ಗುಂಪುಗೂಡಿ ಬದುಕುತ್ತಾರೆ? ಈ ಪ್ರಶ್ನೆಯನ್ನು ಕೋಮುವಾದಿಗಳಷ್ಟೇ ಅಲ್ಲ, ಸಜ್ಜನರೂ ಕೇಳುತ್ತಾರೆ. ಉತ್ತರವೂ ಅವರ ಬಳಿ ಸಿದ್ಧವಿರುತ್ತದೆ: ಅವರಿಗೆ ಹಾಗೇ ಇಷ್ಟ. ಈ ‘ಇಷ್ಟ’ ಎಂಬ ಮಾತನ್ನು ಸ್ವಲ್ಪ ತಿಕ್ಕಿ ನೋಡಬೇಕಾಗಿದೆ.

ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಂಥ ಊರಿನಿಂದ ಇಂಜಿನಿಯರಿಂಗ್ ಮುಗಿಸಿ ಬರುವ ಹುಡುಗನನ್ನೇ ತೆಗೆದುಕೊಳ್ಳಿ. ಪಾಳೆಯಗಾರರ ಕೋಟೆಯ, ಕರಡಿಗಳ ಗುಡ್ಡದ ಸೀಮೆ ಅದು. ಆ ಭಾಗದ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಪೀರಲ ದೇವರಿಗೆ ಸಕ್ಕರೆ ಓದಿಸಲು ಎಲ್ಲ ಜಾತಿಯವರೂ ಬರುತ್ತಾರೆ. ಹಳ್ಳಿಯನ್ನು ಸ್ವರ್ಗವೆಂದು ಬಣ್ಣಿಸಲು ನಾನು ಹೊರಟಿಲ್ಲ. ಅಲ್ಲೂ ಕೇರಿಗಳಿವೆ, ದಲಿತರನ್ನು ಕೇಳಿದರೆ ಹೇಳುತ್ತಾರೆ. ಆದರೂ ಅಲ್ಲಿ ಅವನು ಇಂಥವರ ಮಗ, ಇಂಥವರ ಮೊಮ್ಮಗ. ವೈಟ್‌ಫೀಲ್ಡಿನಲ್ಲಿ ಅವನು ಬರೀ ಒಂದು ಹೆಸರು.

ಆ ಹೆಸರು ಕೇಳಿದೊಡನೆ ಬ್ರೋಕರನ ದನಿ ಬದಲಾಗುತ್ತದೆ. ‘ಓನರ್ ವೆಜಿಟೇರಿಯನ್ಸಿಗೆ ಮಾತ್ರ ಕೊಡೋದು ಸಾರ್.’ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ ಎಂದು ಹುಡುಗ ಹೇಳಿದರೆ, ‘ಅಯ್ಯೋ, ಆಗಲೇ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದಾರೆ.’ ಬಹುಸಂಖ್ಯಾತರು ಮಾಂಸ ತಿನ್ನುವ ಈ ನಾಡಿನಲ್ಲಿ ಇಷ್ಟೊಂದು ಸಸ್ಯಾಹಾರಿ ಮನೆಗಳು ಎಲ್ಲಿಂದ ಬಂದವೋ! 2015ರಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಮತ್ತು ಸುತ್ತಲಿನ ನಗರಗಳಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಫೋನಿನಲ್ಲಿ ಮನೆ ವಿಚಾರಿಸಿದಾಗ ಮೇಲ್ಜಾತಿಯ ಹೆಸರಿನವರಿಗೆ ಬಹುತೇಕ ಎಲ್ಲೆಡೆ ಸ್ವಾಗತ. ಮುಸ್ಲಿಂ ಹೆಸರಿನವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ನೇರ ನಿರಾಕರಣೆ. ದಲಿತರಿಗೂ ನಿರಾಕರಣೆ ತಪ್ಪಲಿಲ್ಲ.

ಕೊನೆಗೆ ಹುಡುಗ ಗೋರಿಪಾಳ್ಯದಲ್ಲೋ ತಿಲಕನಗರದಲ್ಲೋ ಗುರಪ್ಪನಪಾಳ್ಯದಲ್ಲೋ ಕೋಣೆ ಹಿಡಿಯುತ್ತಾನೆ. ಕೆಲಸದ ಜಾಗಕ್ಕೆ ದಿನವೂ ಗಂಟೆಗಟ್ಟಲೆ ಪ್ರಯಾಣ. ಇದನ್ನು ನಾವು ‘ಇಷ್ಟ’ ಎನ್ನುತ್ತೇವೆ. ಹೀಗೆ ಗುಂಪುಗೂಡಿದ ಬಡಾವಣೆಗಳಿಗೆ ಶಾಲೆ, ಚರಂಡಿ, ಬ್ಯಾಂಕಿನ ಸಾಲ ಬರುವುದು ಕಷ್ಟವೆಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ದೇಶದ 15 ಲಕ್ಷ ನೆರೆಹೊರೆಗಳನ್ನು ಪರಿಶೀಲಿಸಿ 2023ರಲ್ಲಿ ಹೊರಬಂದ ಅಧ್ಯಯನವೂ ಇದನ್ನೇ ತೋರಿಸಿತು: ಮುಸ್ಲಿಮರು ಹೆಚ್ಚಿದಷ್ಟೂ ಸರ್ಕಾರಿ ಪ್ರೌಢಶಾಲೆ ಇರುವ ಸಾಧ್ಯತೆ ಕಡಿಮೆ. ಮೊದಲು ಒಳಗೆ ತಳ್ಳುವುದು, ಆಮೇಲೆ ಕೊಳಕೆಂದು ಮೂಗು ಮುಚ್ಚುವುದು. 2024ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಕಲಾಪದ ನಡುವೆ ಗೋರಿಪಾಳ್ಯವನ್ನು ಪಾಕಿಸ್ತಾನವೆಂದರು. ಸುಪ್ರೀಂ ಕೋರ್ಟ್ ತಾನಾಗಿಯೇ ಮಧ್ಯಪ್ರವೇಶಿಸಿ, ಭಾರತದ ಯಾವ ಭಾಗವನ್ನೂ ಹಾಗೆ ಕರೆಯುವಂತಿಲ್ಲ ಎನ್ನಬೇಕಾಯಿತು. ನ್ಯಾಯಮೂರ್ತಿಗಳು ವಿಷಾದ ಸೂಚಿಸಿದರು, ಪ್ರಕರಣ ಮುಗಿಯಿತು.

ನಮ್ಮವರೂ ಸಾಚಾಗಳಲ್ಲ. ಹುಡುಗನಿಗೆ ಬೇರೆಡೆ ಮನೆ ಸಿಗುವುದಿಲ್ಲವೆಂದು ತಿಳಿದೇ ಗಾಳಿಬೆಳಕಿಲ್ಲದ ಕೋಣೆಗೆ ಕೈಗೆ ಬಂದಷ್ಟು ಬಾಡಿಗೆ ಹೇಳುವ ಮಾಲೀಕರು ಮೊಹಲ್ಲಾದಲ್ಲೇ ಇದ್ದಾರೆ. ‘ನಮ್ಮವರ ನಡುವೆ ಇದ್ದರೆ ಮಗ ದೀನ್ ಬಿಡುವುದಿಲ್ಲ’ ಎಂದು ಬೇಲಿಯನ್ನೇ ಬರಕತ್ ಎನ್ನುವ ಹಿರಿಯರೂ ಇದ್ದಾರೆ. ಗಲಭೆಯ ಭಯದಿಂದ ಹಾಗೆನ್ನುವವರನ್ನು ನಾನು ದೂರಲಾರೆ. ಮಿಕ್ಕವರಿಗೆ ಒಂದೇ ಪ್ರಶ್ನೆ: ದಲಿತ ಹುಡುಗನೊಬ್ಬ ನಿಮ್ಮ ಮಹಡಿ ಮನೆ ಕೇಳಿ ಬಂದರೆ ಕೊಡುತ್ತೀರಾ?

ಮನೆ ನನ್ನದು, ಯಾರಿಗೆ ಕೊಡಬೇಕೆಂಬುದು ನನ್ನ ಹಕ್ಕು ಎಂಬ ವಾದವಿದೆ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸುತ್ತದೆ, ಬಾಡಿಗೆ ಮನೆಯನ್ನು ಹೆಸರಿಸುವುದಿಲ್ಲ. ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಮೀಸಲಿಟ್ಟುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಸಣ್ಣ ಸಮುದಾಯವೊಂದರ ಆತಂಕ ಅರ್ಥವಾಗುವಂಥದ್ದೇ. ಆದರೆ ದೊಡ್ಡವರು ಅದೇ ಬಾಗಿಲಿನಿಂದ ನುಗ್ಗಿದರೆ ತಡೆಯುವವರು ಯಾರು? ಅಮೆರಿಕ 1968ರಲ್ಲೇ, ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯಾದ ವಾರದಲ್ಲೇ, ಬಣ್ಣ, ಧರ್ಮ ನೋಡಿ ಮನೆ ನಿರಾಕರಿಸುವುದನ್ನು ಕಾನೂನುಬಾಹಿರಗೊಳಿಸಿತು. ಮಾಲೀಕ ತಾನೂ ಅಲ್ಲೇ ವಾಸಿಸುವ ಸಣ್ಣ ಕಟ್ಟಡಗಳಿಗೆ ವಿನಾಯಿತಿ ಕೊಟ್ಟಿತು. ಹೀಗೆ ಮಾಲೀಕನ ಹಕ್ಕನ್ನು ಉಳಿಸಿಕೊಂಡೂ ಕಾನೂನು ಮಾಡಬಹುದು.

ಚುನಾವಣೆಗೊಮ್ಮೆ ಟೋಪಿ ಹಾಕಿಕೊಂಡು ಇಫ್ತಾರಿಗೆ ಬರುವ ನಾಯಕರಲ್ಲಿ ಖಬರಸ್ತಾನದ ಕಾಂಪೌಂಡನ್ನೂ ಶಾದಿಮಹಲನ್ನೂ ಕೇಳಿದ್ದು ಸಾಕು. ಜಾತಿ, ಧರ್ಮ ನೋಡಿ ಬಾಡಿಗೆ ನಿರಾಕರಿಸುವವರಿಗೆ ದಂಡ ಹಾಕುವ ಮಸೂದೆಯನ್ನು ಸದನಕ್ಕೆ ತರುತ್ತೀರಾ ಎಂದು ಕೇಳೋಣ. ಕೇಳುವಾಗ ದಲಿತ ಸಂಘಟನೆಗಳೂ ಜೊತೆಗಿರಲಿ.